‘ಎಳ್ಳ ಅಮಾಸಿಗಿ ಮನ್ಯಾಗ ಯಾರು ಉಳೀತಿದ್ರು?’

ಪತ್ತೇದಾರಿ ಕಾದಂಬರಿ ಎಂದ ಕೂಡಲೇ ಮೂಗು ಮುರಿಯುವವರು ನಮ್ಮಲ್ಲಿ ಬಹಳ. ನಾನೂ ಮುರಿದವಳೇ. ಜಹೀರಾಬಾದಿನ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದೆ. ಹಳಗನ್ನಡ ಪದ್ಯಕ್ಕೆ ಅನ್ವಯ, ಅರ್ಥ, ಭಾವಾರ್ಥ ಬರೆಸುತ್ತಿದ್ದ ನನಗೆ, ಕೊಂದವರು ಯಾರು ಎಂದು ಪುಟ ತಿರುವುತ್ತ ಕೂರುವುದು ಕೆಲಸವಿಲ್ಲದವರ ಕೆಲಸ ಅನಿಸುತ್ತಿತ್ತು. ಹಾಗಿದ್ದ ನನ್ನ ಸೊಕ್ಕನ್ನು ದನದ ದವಾಖಾನೆಯ ಕಂಪೌಂಡರ್ ಒಬ್ಬರು ಇಳಿಸಿ ಹೋದರು. ಅವರು ತೀರಿಕೊಂಡು ಎಂಟು ತಿಂಗಳಾಯಿತು. ನನ್ನ ಕೋಪ ಮಾತ್ರ ಇನ್ನೂ ಇಳಿದಿಲ್ಲ. ಅವರ ಮೇಲಲ್ಲ, ನನ್ನ ಮೇಲೆ, ಮತ್ತು ನಮ್ಮೂರಿನ ಕೆಲವು ದೊಡ್ಡ ಮನುಷ್ಯರ ಮೇಲೆ. ಕೋಪ ಆರುವ ಮೊದಲೇ ಇದನ್ನು ಬರೆದು ಮುಗಿಸುತ್ತೇನೆ.

ಮೊದಲ ಸಲ ಅವರು ನಮ್ಮ ಮನೆಗೆ ಬಂದದ್ದು ಎಮ್ಮೆಯ ಸಲುವಾಗಿ. ನಮ್ಮ ಮನೆ ಮೊಗುಡಂಪಲ್ಲಿಯಲ್ಲಿ. ಎರಡು ದಿನದಿಂದ ಎಮ್ಮೆ ಮೇವು ಮುಟ್ಟಿರಲಿಲ್ಲ. ರಾಯಿಕೋಡಿನ ಕಂಪೌಂಡರ್ ಈ ಕಡೆ ಬಂದಿದ್ದಾರೆಂದು ಯಾರೋ ಹೇಳಿದರು, ಕರೆಸಿದೆವು. ತೆಳ್ಳಗಿನ ಮನುಷ್ಯ, ಹೆಗಲಿಗೆ ಖಾಕಿ ಚೀಲ, ಬಲಗೈ ಬೆರಳುಗಳೆಲ್ಲ ನೇರಳೆ ಬಣ್ಣ. ದನದ ಗಾಯಕ್ಕೆ ಹಚ್ಚುವ ಔಷಧದ ಕಲೆ ಅದು, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಅವರು ಎಮ್ಮೆಯನ್ನು ಮುಟ್ಟುವ ಮೊದಲು ಮೇವು ಹಾಕುವ ಗ್ವಾದಲಿಯೊಳಗೆ ಇಣುಕಿದರು, ಸಗಣಿಯನ್ನು ಕಡ್ಡಿಯಿಂದ ಕೆದಕಿದರು, ಹಿತ್ತಲೆಲ್ಲ ಒಂದು ಸುತ್ತು ಹಾಕಿ ಬಂದರು. ಆಮೇಲೆ ನನ್ನ ಕಡೆ ತಿರುಗಿದರು.

‘ಮೊನ್ನಿ ಮನ್ಯಾಗ ಏನರೆ ಕಾರ್ಯ ಇತ್ತೇನ್ರಿ?’

ಇತ್ತು. ನೆಂಟರು ಉಂಡು ಉಳಿದ ಅನ್ನವನ್ನೆಲ್ಲ ನಾನೇ ಎಮ್ಮೆಗೆ ಸುರಿದಿದ್ದೆ, ಪುಣ್ಯ ಬರಲಿ ಎಂದು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ‘ಅನ್ನ ತಿಂದು ಹೊಟ್ಟಿ ಹುಳಿ ಆಗ್ಯದ. ಔಷಧ ಹಾಕ್ತೀನಿ, ನಾಳಿಗಿ ಮೇವು ಮುಟ್ತದ,’ ಎಂದರು. ಮುಟ್ಟಿತು.

ಹೋಗುವಾಗ ಬಾಗಿಲಲ್ಲಿ ನಿಂತು, ನಮ್ಮ ಕಡೆ ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ ಬಾಯಾರೆ ಎಂದು ಕರೆದು ಕೇಳಿದರು. ‘ಬಾಯಾರೆ, ಮನ್ಯಾಗ ಹಳೆ ಪತ್ತೇದಾರಿ ಕಾದಂಬರಿ ಏನರೆ ಅದಾವೇನ್ರಿ? ಹರದಿದ್ರೂ ನಡೀತದ.’

‘ನಾ ಕನ್ನಡ ಟೀಚರ್ ಇದೀನ್ರಿ. ಅಂಥಾವೆಲ್ಲ ನಮ್ಮ ಮನ್ಯಾಗ ಇಡಂಗಿಲ್ಲ,’ ಎಂದೆ. ಹೇಳಿದ ರೀತಿ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಒಳಗಿನಿಂದ ನಮ್ಮ ಅತ್ತೆಯ ದನಿ ಬಂತು. ‘ಏ ತಮ್ಮಾ, ಜರಾ ನಿಂದರು.’ ಅವರು ಜೋಳದ ಚೀಲದ ಹಿಂದೆ ಕೈ ಹಾಕಿ, ಹಳೆ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ನಾಲ್ಕು ಪುಸ್ತಕಗಳನ್ನು ತಂದು ಕಂಪೌಂಡರರ ಕೈಗಿಟ್ಟರು. ನಾನು ಆ ಮನೆಗೆ ಸೊಸೆಯಾಗಿ ಬಂದು ಹದಿನಾಲ್ಕು ವರ್ಷವಾಗಿತ್ತು. ಅತ್ತೆ ಕಾದಂಬರಿ ಓದುತ್ತಾರೆ ಎಂಬುದೇ ನನಗೆ ಗೊತ್ತಿರಲಿಲ್ಲ. ‘ನಿನ್ನ ಮುಂದ ಓದಿದ್ರ ನೀ ಮಾರಿ ಸಣ್ಣದ ಮಾಡ್ತಿದ್ದೆವ್ವ, ಅದಕ್ಕ,’ ಎಂದು ಅತ್ತೆ ಒಳಗೆ ಹೋದರು. ಕಂಪೌಂಡರ್ ನಗಲಿಲ್ಲ. ಚೀಲದಿಂದ ಬೇರೆ ಎರಡು ಪುಸ್ತಕ ತೆಗೆದು, ‘ಇವ ಅತ್ತಿಯವರಿಗಿ ಕೊಡ್ರಿ. ಯಾರು ಕೊಂದಾರ ಅಂತ ಮಾತ್ರ ಮೊದಲ ಹೇಳಬ್ಯಾಡ್ರಿ,’ ಎಂದು ಹೊರಟುಬಿಟ್ಟರು.

ಹಳ್ಳಿಯ ಜನ ಅವರನ್ನು ಡಾಕ್ಟರ್ ಸಾಬ್ ಎಂದು ಕರೆಯುತ್ತಿದ್ದರು. ಕರೆದಾಗಲೆಲ್ಲ ಅವರು ತಿದ್ದುತ್ತಿದ್ದರು. ‘ಡಾಕ್ಟರ್ ಬ್ಯಾರೆ ಅದಾರ್ರಿ. ನಾ ಕಂಪೌಂಡರ್. ಅವರ ಹೆಸರ ನನಗ್ಯಾಕ ಹಚ್ತೀರಿ?’ ಹೊಟ್ಟೆಯಲ್ಲಿ ಅಡ್ಡ ಸಿಕ್ಕಿಕೊಂಡ ಕರುವನ್ನು ಬಿಡಿಸಿ ಹಸುವಿನ ಜೀವ ಉಳಿಸಿದ ದಿನವೂ, ಮನೆಯವರು ಕಾಲಿಗೆ ಬೀಳಲು ಬಂದಾಗಲೂ ಅದೇ ಮಾತು. ಇದೇನು ಅತಿ ಎಂದು ನನಗೆ ರೇಗುತ್ತಿತ್ತು. ಒಂದು ಸಲ ಕೇಳಿಯೂ ಬಿಟ್ಟೆ. ‘ಕೆಲಸ ಒಬ್ಬರದು, ಹೆಸರ ಒಬ್ಬರದು ಆಗಬಾರದು ಬಾಯಾರೆ,’ ಎಂದಷ್ಟೇ ಹೇಳಿ, ಬೇರೆ ಮಾತಿಗೆ ಹೋದರು.

ಅವರ ಮನೆ ನಾರಾಯಣಖೇಡದಲ್ಲಿ. ಎರಡು ಕೋಣೆ, ಗೋಡೆಯ ಮೇಲೆ ಒಂದು ಬುದ್ಧನ ಚಿತ್ರ, ಉಳಿದ ಗೋಡೆಗೆಲ್ಲ ಔಷಧದ ಡಬ್ಬಿ ಬರುವ ರಟ್ಟಿನ ಪೆಟ್ಟಿಗೆಗಳು. ಒಳಗೆ ಪತ್ತೇದಾರಿ. ಬೀದರಿನ ರದ್ದಿ ಅಂಗಡಿಯಿಂದ ಬಂದವು, ಹಳ್ಳಿಯ ಅಟ್ಟಗಳಿಂದ ಬಂದವು, ಶೇಂಗಾ ಕಟ್ಟುವ ಅಂಗಡಿಯವನ ಕೈಯಿಂದ ಕಸಿದು ತಂದವು. ಹೆಸರಾದವರ ಪುಸ್ತಕಗಳನ್ನು ಅವರು ಹುಡುಕುತ್ತಿರಲಿಲ್ಲ. ‘ಅವರನ್ನ ಓದಾಕ ಮಂದಿ ಅದಾರ,’ ಎನ್ನುತ್ತಿದ್ದರು. ಒಂದೇ ಕಾದಂಬರಿ ಬರೆದು ಮಾಯವಾದ ಪೋಸ್ಟ್ ಮಾಸ್ತರ, ಹಿಟ್ಟಿನ ಗಿರಣಿ ನಡೆಸುತ್ತ ಆರು ಕಾದಂಬರಿ ಬರೆದ ಒಬ್ಬರು, ಹೀಗೆ ಯಾರ ಪಟ್ಟಿಯಲ್ಲೂ ಇಲ್ಲದವರೇ ಅವರಿಗೆ ಬೇಕು. ಪುಸ್ತಕದ ಹಿಂದಿನ ವಿಳಾಸಕ್ಕೆ ಪತ್ರ ಬರೆಯುತ್ತಿದ್ದರು. ಬಹಳಷ್ಟು ಪತ್ರ ವಾಪಸ್ ಬರುತ್ತಿದ್ದವು. ಒಮ್ಮೆ ಮಾತ್ರ ಉತ್ತರ ಬಂದು, ರಜೆ ಹಾಕಿ ರೈಲು ಹತ್ತಿ ಹೋಗಿಯೇ ಬಿಟ್ಟರು. ಆ ಲೇಖಕ ರೈಲ್ವೆಯಲ್ಲಿ ಗುಮಾಸ್ತರಾಗಿದ್ದವರು. ಅವರ ಮಕ್ಕಳಿಗೆ ಅಪ್ಪ ಕಾದಂಬರಿ ಬರೆದದ್ದೇ ಗೊತ್ತಿರಲಿಲ್ಲವಂತೆ. ‘ಮುದುಕ ನನ್ನ ಕೈ ಹಿಡಕೊಂಡು, ಕೊಲಿಗಾರನ್ನ ನೀವು ಯಾವ ಪುಟದಾಗ ಹಿಡದ್ರಿ ಅಂತ ಕೇಳ್ದ,’ ಎಂದು ಕಂಪೌಂಡರ್ ಮತ್ತೆ ಮತ್ತೆ ಹೇಳುತ್ತಿದ್ದರು.

ನಾನು ಓದಲು ಶುರುಮಾಡಿದ್ದು ಅತ್ತೆಯ ಸಲುವಾಗಿ. ಅವರ ಕಣ್ಣು ಮಂಜಾದ ಮೇಲೆ ನಾನೇ ಓದಿ ಹೇಳಬೇಕಾಯಿತು. ಒಂದು ವಾರದಲ್ಲಿ ಅತ್ತೆ ಸಾಕೆಂದರೂ ನಾನು ನಿಲ್ಲಿಸದಂತಾದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತೆ ಬರೆದವೂ ಇದ್ದವು, ಇಲ್ಲವೆನ್ನುವುದಿಲ್ಲ. ಪ್ರತಿ ಪುಟಕ್ಕೂ ಒಂದು ಕಾರು, ಒಂದು ಪಿಸ್ತೂಲು. ಆದರೆ ಕೆಲವನ್ನು ಓದಿದಾಗ, ನಾನು ಪಾಠ ಹೇಳಿದ ಎಷ್ಟೋ ಮರ್ಯಾದಸ್ಥ ಕಾದಂಬರಿಗಳಲ್ಲಿ ಇಂಥ ಕಸುವು ಇರಲಿಲ್ಲವಲ್ಲ ಅನಿಸಿತು. ಇದನ್ನು ಹೇಳಲು ನನಗೀಗ ಯಾರ ಅಪ್ಪಣೆಯೂ ಬೇಕಿಲ್ಲ.

ಹಾಗೆ ಒಂದು ದಿನ ಅವರು ತಂದುಕೊಟ್ಟದ್ದು ‘ಬೀಗ ಹಾಕಿದ ಬೀದಿ.’ ಮುಖಪುಟದ ಮೇಲೆ ಒಬ್ಬ ಗಂಡಸಿನ ಹೆಸರು, ಪಕ್ಕದಲ್ಲಿ ಬಿ.ಎ. ಎಂದು ಪದವಿ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದು ಈಗಾಗಲೇ ಸಾಕಷ್ಟು ಅಚ್ಚಾಗಿದೆ. ಕಥೆ ನಡೆಯುವುದು ಬೆಂಗಳೂರಿನ ಒಂದು ಶ್ರೀಮಂತರ ಬೀದಿಯಲ್ಲಿ. ಅಮಾವಾಸ್ಯೆಯ ಹಗಲು ಅಲ್ಲಿ ಒಂದು ಕೊಲೆಯಾಗುತ್ತದೆ. ಯಾರೂ ನೋಡಿಲ್ಲ ಎಂದೇ ಮೊದಲು ಎಲ್ಲರೂ ತಿಳಿಯುತ್ತಾರೆ. ಯಾಕೆಂದರೆ ಅವತ್ತು ಬೀದಿಯ ಮನೆಗಳಿಗೆಲ್ಲ ಬೀಗ. ಎಲ್ಲರೂ ಬುತ್ತಿ ಕಟ್ಟಿಕೊಂಡು ಊಟಕ್ಕೆ ಹೊಲಕ್ಕೆ ಹೋಗಿದ್ದಾರೆ.

‘ಬೆಂಗಳೂರಾಗ ಯಾವ ಹೊಲ ಬಾಯಾರೆ?’ ಎಂದು ಕೇಳಿ ಕಂಪೌಂಡರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬೆಳೆಗೆ ಚರಗವೆಂದು ಅಡುಗೆಯ ಎಡೆ ಚೆಲ್ಲಿ, ಭಜ್ಜಿ-ರೊಟ್ಟಿ ಉಂಡು ಬರುವುದು ನಮ್ಮ ಸೀಮೆಯ ಪದ್ಧತಿ. ಬೀದರ, ಕಲಬುರಗಿ, ಇತ್ತ ಜಹೀರಾಬಾದ, ನಾರಾಯಣಖೇಡದ ಹಳ್ಳಿಗಳು ಅವತ್ತು ಮಧ್ಯಾಹ್ನ ಖಾಲಿ ಬಿದ್ದಿರುತ್ತವೆ. ಇಡೀ ಲೋಕವೇ ಹಾಗೆ ಮಾಡುತ್ತದೆಂದು ನಂಬಿದವರಷ್ಟೇ ಬೆಂಗಳೂರಿನ ಬೀದಿಗೂ ಬೀಗ ಹಾಕಿಸಬಲ್ಲರು.

ನಗು ನಿಂತ ಮೇಲೆ ಅವರು ಮೆಲ್ಲಗೆ ಹೇಳಿದರು. ‘ಇದನ್ನ ಬರದವರು ನಮ್ಮ ಕಡಿಯವರ್ರಿ. ಇನ್ನೊಂದ ಹೇಳ್ತೀನಿ. ಇದನ್ನ ಗಂಡಸು ಬರದಿಲ್ಲ.’

‘ಅದ್ಹೆಂಗ ಹೇಳ್ತೀರಿ?’

‘ಸಾಕ್ಷಿ ಯಾರು ನೋಡ್ರಿ. ಬಾಣಂತಿ. ಹೊಲಕ್ಕ ಹೋಗಾಕ ಬರದೆ ಮನ್ಯಾಗ ಉಳದಾಕಿ. ಊರೆಲ್ಲ ಖಾಲಿ ಆದಮ್ಯಾಲ ಹ್ಯಾಂಗ ಕೇಳಿಸ್ತದ ಅಂತ ಎರಡು ಪುಟ ಬರದಾರ. ಕೋಳಿ ಕಾಲಿನ ಸಪ್ಪಳ, ಹಗ್ಗದ ಮ್ಯಾಲಿನ ಸೀರಿ ಸಪ್ಪಳ. ನಾ ಹುಟ್ಟಿದಾಗಿಂದ ಅಮಾಸಿಗಿ ಹೊಲದಾಗ ಇದ್ದೀನಿ, ನನಗ ಆ ಸಪ್ಪಳ ಗೊತ್ತಿಲ್ಲ. ನಿಮ್ಮ ಮನಿಯವರಿಗೂ ಗೊತ್ತಿಲ್ಲ. ಅದು ಗೊತ್ತಿದ್ದಾಕಿ ವರ್ಷ ವರ್ಷ ಮನ್ಯಾಗ ಉಳದಾಳ.’

ನಾನು ಆ ಎರಡು ಪುಟವನ್ನು ಮತ್ತೆ ಓದಿದೆ. ಮೂವತ್ತು ವರ್ಷ ಕಾವ್ಯ ಪಾಠ ಮಾಡಿದವಳಿಗೆ ಕಾಣದ್ದು ಅವರಿಗೆ ಕಂಡಿತ್ತು.

ಆಗ ಶುರುವಾಯಿತು ನೋಡಿ ಹುಡುಕಾಟ. ಅಷ್ಟರಲ್ಲಿ ಅವರಿಗೆ ಮನೂರಿನ ಕಡೆ ವರ್ಗವಾಗಿತ್ತು. ಶೇರ್ ಆಟೋದಲ್ಲಿ ಹಳ್ಳಿ ಹಳ್ಳಿಗೆ ಹೋಗುವುದು, ದನ ನೋಡುವುದು, ಹೊರಡುವಾಗ ಕೇಳುವುದು: ‘ಮೊದಲೆಲ್ಲ ಎಳ್ಳ ಅಮಾಸಿಗಿ ನಿಮ್ಮ ಮನ್ಯಾಗ ಯಾರು ಉಳೀತಿದ್ರು?’ ಏಳು ವರ್ಷ ಕೇಳಿದರು. ಸಹಜವಾಗಿ ಜನಕ್ಕೆ ಸಂಶಯ ಬಂತು. ಎಲ್ಲರೂ ಹೊಲಕ್ಕೆ ಹೋದಾಗ ಮನೆಯಲ್ಲಿ ಯಾರಿರುತ್ತಾರೆ ಎಂದು ಕಳ್ಳನಲ್ಲದೆ ಮತ್ಯಾರು ಕೇಳುತ್ತಾರೆ? ಒಂದು ಹಳ್ಳಿಯಲ್ಲಿ ಅವರನ್ನು ಪಂಚಾಯತಿ ಕಟ್ಟೆಯ ಮೇಲೆ ಕೂರಿಸಿಕೊಂಡು ವಿಚಾರಣೆ ಮಾಡಿದರು. ಚೀಲ ಸುರುವಿದರೆ ಸಿರಿಂಜು, ಔಷಧ, ಜೊತೆಗೆ ‘ಕತ್ತಿಯ ನೆರಳು,’ ‘ಹಿತ್ತಲ ಬಾಗಿಲ ಹೆಣ’ ಎಂಬ ಹೆಸರಿನ ಪುಸ್ತಕಗಳು. ಸಂಶಯ ಇನ್ನೂ ಬಲವಾಯಿತು. ಅವರು ಪೂರ್ತಿ ವಿಷಯ ವಿವರಿಸಿದರಂತೆ. ಕೇಳಿದವರಲ್ಲಿ ಅರ್ಧ ಜನ ನಕ್ಕರು, ಅರ್ಧ ಜನ ಇವರಿಗೆ ತಲೆ ಕೆಟ್ಟಿದೆ ಎಂದರು.

ಕಟ್ಟೆಯ ತುದಿಯಲ್ಲಿ ಕೂತಿದ್ದ ಒಬ್ಬ ಮುದುಕಿ ಮಾತ್ರ, ‘ಪಟೇಲರ ಮನಿ ಮಗಳು ಉಳೀತಿದ್ದಳು. ಗಂಡನ್ನ ಬಿಟ್ಟು ಬಂದಿದ್ದಳಲ್ಲ, ಮಂದಿ ಮುಂದ ಕರಕೊಂಡು ಹೋಗಾಕ ಅಣ್ಣಗ ನಾಚಿಕಿ. ಯಾವಾಗ ನೋಡಿದ್ರೂ ಬರಕೋತ ಕುಂದರತಿದ್ದಳು,’ ಎಂದಳು. ‘ಈಗ ಆಕಿ ತಾಂಡೂರದಾಗ ಇದಾಳಂತ.’

ಅವರು ಅಲ್ಲಿಂದಲೇ ನನಗೆ ಫೋನ್ ಮಾಡಿದರು. ‘ಬಾಯಾರೆ, ನಾಳೆ ನೀವು ನನ್ನ ಸಂಗಟ ಬರಬೇಕು. ಒಬ್ಬಾಕಿ ಹೆಣ್ಣಮಗಳ ಮನಿಗಿ ನಾ ಒಬ್ಬನೇ ಹೋಗೋದು ಛಂದ ಕಾಣಂಗಿಲ್ಲ.’ ಹೋದೆವು.

ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಯಂತ್ರಗಳ ಸದ್ದಿಗೆ ಎದುರಿನವರ ಮಾತು ಕೇಳುವುದಿಲ್ಲ. ಅಂಥ ಒಂದು ಓಣಿಯಲ್ಲಿ ಅವರ ಮನೆ. ಎಪ್ಪತ್ತೈದು ದಾಟಿದ ಹೆಂಗಸು, ಕನ್ನಡಕ ಮೂಗಿನ ತುದಿಗೆ, ಕಾಲು ಹೊಲಿಗೆ ಮಶೀನಿನ ಮೇಲೆ. ಊರ ಹೆಣ್ಣುಮಕ್ಕಳಿಗೆ ರವಿಕೆ ಹೊಲಿಯುವುದನ್ನು ಕಲಿಸಿ, ಅದರ ಮೇಲೆಯೇ ಬದುಕು ಕಟ್ಟಿಕೊಂಡವರು. ಕಾದಂಬರಿಯ ವಿಷಯ ತೆಗೆದದ್ದೇ ತಡ, ಮುಖ ಗಂಟಿಕ್ಕಿದರು. ‘ನಾ ಏನೂ ಬರದಿಲ್ಲ. ಯಾರೋ ಸುಳ್ಳ ಹೇಳ್ಯಾರ. ಚಾ ಕುಡದು ಹೋಗ್ರಿ.’

ಕಂಪೌಂಡರ್ ವಾದ ಮಾಡಲಿಲ್ಲ. ಚಹಾ ಕುಡಿಯುತ್ತ ನನ್ನ ಜೊತೆ ಮಾತಾಡುವವರ ಹಾಗೆ ಹೇಳಿದರು. ‘ಹೋಗ್ಲಿ ಬಿಡ್ರಿ ಬಾಯಾರೆ. ಬರದವರು ಯಾರರೆ ಇರ್ಲಿ, ಕೊನೀದು ಭಾಳ ಛಂದ ಬರದಾರ. ಆ ಪತ್ತೇದಾರ ಕಾರಿನ್ಯಾಗ ಬಂದು ಕೊಲಿಗಾರನ್ನ ಹಿಡೀತಾನಲ್ಲ, ಏನ್ ಶಾಣ್ಯಾತನ ಅವನದು.’

ಮಶೀನು ನಿಂತಿತು. ‘ಸುಳ್ಳ,’ ಎಂದರು ಆಕೆ. ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದರು. ‘ಕಾರೂ ಇಲ್ಲ, ಪತ್ತೇದಾರನೂ ಇಲ್ಲ. ಆ ಬಾಣಂತಿನೇ ಕೂಸಿನ್ನ ಕಂಕುಳಾಗ ಹಿಡಕೊಂಡು ಹೋಗಿ ಹೊರಗಿಂದ ಚಿಲಕ ಹಾಕ್ತಾಳ. ಅಂವ ಒಳಗ ಸಿಗ್ತಾನ. ಹಂಗ ಬರದಿದ್ದೆ ನಾ. ಅಚ್ಚ ಹಾಕ್ಸಿದಾತ, ಹೆಂಗಸು ಕೊಲಿಗಾರನ್ನ ಹಿಡದ್ರ ಯಾರು ನಂಬ್ತಾರ ಅಂತ ತನ್ನ ಕಾರ ತಂದು ನಿಲ್ಲಿಸ್ದ. ಹೆಸರೂ ತನ್ನದೇ ಇಟ್ಟ, ಕೊನೀದೂ ತನ್ನದೇ ಇಟ್ಟ.’

ಹೇಳಿ ಮುಗಿಸಿದ ಮೇಲೆ ತಾನೇನು ಹೇಳಿದೆ ಎಂದು ಅವರಿಗೆ ಹೊಳೆಯಿತು. ಕಂಪೌಂಡರರನ್ನು ದಿಟ್ಟಿಸಿ ನೋಡಿದರು. ‘ಬೇಕಂತನೇ ಕೆಣಕಿದೇನೋ?’

‘ಹೌದ್ರಿ ಅಮ್ಮಾ. ತಪ್ಪ ಆತು,’ ಎಂದು ಇವರು ಕೈ ಮುಗಿದರು.

ಆಕೆ ಜೋರಾಗಿ ನಕ್ಕರು, ನಕ್ಕು ಕಣ್ಣೊರೆಸಿಕೊಂಡರು. ಅಣ್ಣ ಕಲಬುರಗಿಗೆ ಹೋದಾಗ ತನ್ನ ನೋಟ್ ಬುಕ್ ಒಯ್ದು ಕೊಟ್ಟದ್ದು, ಪ್ರಕಾಶಕ ತನ್ನ ಹೆಸರಿಡುತ್ತೇನೆಂದಾಗ ಮನೆಯವರಿಗೆ ಒಳ್ಳೆಯದೇ ಆಯಿತು ಅನಿಸಿದ್ದು, ಒಂಬತ್ತು ಕಾದಂಬರಿ ಹಾಗೇ ಹೋದದ್ದು, ಎಲ್ಲವನ್ನೂ ಹೇಳಿದರು. ಮೂಲ ಪ್ರತಿ ಒಂದೂ ಉಳಿದಿರಲಿಲ್ಲ. ‘ಇಷ್ಟ ವರ್ಷದಾಗ ಬರದಾಕಿ ನೀನೇನು ಅಂತ ಕೇಳಿದವರು ನೀವೇ ಮೊದಲು,’ ಎಂದರು. ಬಸ್ಸಿನಲ್ಲಿ ವಾಪಸ್ ಬರುವಾಗ ಕಂಪೌಂಡರ್ ಕಿಟಕಿಯ ಕಡೆ ಮುಖ ಮಾಡಿ ಕೂತರು. ಜಹೀರಾಬಾದ್ ಬರುವವರೆಗೆ ‘ಬೀಗ ಹಾಕಿದ ಬೀದಿ’ಯನ್ನು ಮಡಿಲಲ್ಲಿ ಇಟ್ಟುಕೊಂಡು ತಮ್ಮಷ್ಟಕ್ಕೆ ನಗುತ್ತಿದ್ದರು. ಅವರು ಅಷ್ಟು ಸಂತೋಷವಾಗಿದ್ದುದನ್ನು ನಾನು ಮತ್ತೆ ನೋಡಲಿಲ್ಲ.

ಈಗ ನನ್ನ ತಪ್ಪಿನ ವಿಷಯ. ಜಹೀರಾಬಾದಿನಲ್ಲಿ ನಮ್ಮದೊಂದು ಕನ್ನಡ ಸಂಘ ಇದೆ. ನಾನಾಗ ಅದರ ಕಾರ್ಯದರ್ಶಿ. ಆ ವರ್ಷ ಸ್ಮರಣ ಸಂಚಿಕೆ ತರುವುದೆಂದು ನಿರ್ಧಾರವಾಗಿತ್ತು. ಜಹೀರಾಬಾದ, ನಾರಾಯಣಖೇಡ, ತಾಂಡೂರು ಸೀಮೆಯ ಬರಹಗಾರರ ಪಟ್ಟಿ ಅದರ ಮುಖ್ಯ ಭಾಗ. ಗಡಿಯಾಚೆ ಉಳಿದುಹೋದ ನಮ್ಮಂಥವರಿಗೆ ಅಂಥ ಪಟ್ಟಿ ಸಣ್ಣ ವಿಷಯವಲ್ಲ. ಎಲ್ಲೋ ಒಂದು ಕಡೆ ಹೆಸರು ಅಚ್ಚಾದರೆ ನಾವೂ ಇದ್ದೆವೆಂದು ಆಗುತ್ತದೆ. ಕಂಪೌಂಡರ್ ಸಭೆಗೆ ಬಂದು ಕೇಳಿದ್ದು ಒಂದೇ ಒಂದು ಸಾಲು. ಆಕೆಯ ಹೆಸರು, ಆಕೆ ಕಾದಂಬರಿಕಾರ್ತಿ ಎಂಬ ಮಾತು.

ಅಧ್ಯಕ್ಷರು ನಿವೃತ್ತ ಉಪನ್ಯಾಸಕರು. ಎರಡು ಕವನ ಸಂಕಲನ ತಂದವರು. ಅವನ್ನು ಓದಿದವರು ನನಗಿನ್ನೂ ಸಿಕ್ಕಿಲ್ಲ. ‘ಪತ್ತೇದಾರಿ ಸಾಹಿತ್ಯ ಆಗ್ತದೇನ್ರಿ ಕಂಪೌಂಡರ್ರೆ?’ ಎಂದರು. ಎಲ್ಲರೂ ನಕ್ಕರು. ‘ಅದೂ ಇರ್ಲಿ. ಪುಸ್ತಕದ ಮ್ಯಾಲ ಬ್ಯಾರೆಯವರ ಹೆಸರ ಅದ. ಈಕಿ ಬರದಾಳ ಅನ್ನಾಕ ಪುರಾವೆ ಏನದ?’

‘ಆ ಅಮ್ಮನ ಬಾಯಿಲೆ ಕೇಳೇನ್ರಿ. ಬಾಯಾರೂ ಕೇಳ್ಯಾರ.’

ಎಲ್ಲರೂ ನನ್ನ ಕಡೆ ತಿರುಗಿದರು. ‘ಏನ್ರಿ ಕಾರ್ಯದರ್ಶಿಗಳೆ, ಏನಂತೀರಿ?’

ಕುಕ್ಕಿದ ಕತ್ತರಿಯ ಸದ್ದು ಇನ್ನೂ ನನ್ನ ಕಿವಿಯಲ್ಲಿತ್ತು. ಬಾಯಿಬಿಟ್ಟು ‘ಹೌದು’ ಎಂದಿದ್ದರೆ ಮುಗಿದಿತ್ತು. ಆದರೆ ಅಧ್ಯಕ್ಷರ ಎದುರು, ಅಷ್ಟು ಜನರ ನಗುವಿನ ಎದುರು, ಪತ್ತೇದಾರಿ ಓದುವ ಟೀಚರ್ ಎನಿಸಿಕೊಳ್ಳಲು ನನಗೆ ಧೈರ್ಯ ಬರಲಿಲ್ಲ. ‘ಮುಂದಿನ ಸಂಚಿಕೆಗೆ ನೋಡೋಣ್ರಿ,’ ಎಂದೆ. ಕಂಪೌಂಡರ್ ನನ್ನ ಮುಖ ನೋಡಲಿಲ್ಲ. ಚೀಲ ಎತ್ತಿಕೊಂಡು ಎದ್ದು ಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮರುವಾರ ಸಂಘದ ಗ್ರಂಥಾಲಯದಲ್ಲಿ ಗದ್ದಲ. ಆಕೆಯ ನಾಲ್ಕು ಕಾದಂಬರಿಗಳು ಅಲ್ಲಿದ್ದವು. ನಾಲ್ಕರ ಮುಖಪುಟದ ಮೇಲೂ ಆ ಗಂಡಸಿನ ಹೆಸರಿನ ಮೇಲೆ ನೇರಳೆ ಔಷಧ ಬಳಿದು, ಕೆಳಗೆ ದಪ್ಪ ಅಕ್ಷರದಲ್ಲಿ ಆಕೆಯ ಹೆಸರು ಬರೆದಿತ್ತು. ಯಾರ ಕೆಲಸ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಕರೆಸಿದರು. ‘ಸಂಘದ ಪುಸ್ತಕ ಹಾಳ ಮಾಡೀರಿ,’ ಎಂದು ಅಧ್ಯಕ್ಷರು ಕೂಗಾಡಿದರು.

‘ಹಾಳ ಮಾಡಿಲ್ರಿ. ಗಾಯಕ್ಕ ಔಷಧ ಹಚ್ಚೇನಿ,’ ಎಂದರು ಇವರು. ‘ಇದು ಹೋಗಂಗಿಲ್ಲ. ಬೇಕಿದ್ರ ತಿಕ್ಕಿ ನೋಡ್ರಿ.’

ಅವರ ಸದಸ್ಯತ್ವ ರದ್ದಾಯಿತು. ಆ ನಿರ್ಣಯವನ್ನು ಬರೆದದ್ದು ನನ್ನದೇ ಕೈ. ಅವರು ಅದರ ಬಗ್ಗೆ ಎಂದೂ ನನ್ನನ್ನು ಆಡಿಕೊಳ್ಳಲಿಲ್ಲ. ತಿಂಗಳೊಪ್ಪತ್ತಿನ ಮೇಲೆ ಎಂದಿನಂತೆ ನಮ್ಮ ಮನೆಗೆ ಬಂದು, ಅತ್ತೆಗೆ ಒಂದು ಪುಸ್ತಕ ಕೊಟ್ಟು, ಚಹಾ ಕುಡಿದರು. ನಾನೇ ತಡೆಯಲಾರದೆ ಅತ್ತುಬಿಟ್ಟೆ. ನಿಮ್ಮ ಹುಡುಕಾಟವನ್ನೆಲ್ಲ ಬರೆದು ಯಾವುದಾದರೂ ಪತ್ರಿಕೆಗೆ ಕಳಿಸುತ್ತೇನೆ, ನಿಮ್ಮ ಹೆಸರನ್ನಾದರೂ ಲೋಕ ತಿಳಿಯಲಿ ಎಂದೆ. ಅವರು ಸಿಟ್ಟಾದದ್ದನ್ನು ನಾನು ಕಂಡದ್ದು ಅವತ್ತೊಂದೇ ದಿನ.

‘ನನ್ನ ಹೆಸರ ಬರದ್ರ ಖಬರದಾರ್ ಬಾಯಾರೆ. ಗಂಡಸೊಬ್ಬ ಹುಡುಕ್ದ, ಗಂಡಸೊಬ್ಬ ಉದ್ಧಾರ ಮಾಡ್ದ ಅಂತ ಮಂದಿ ನನ್ನ ಹೆಸರ ಹಿಡಕೊಂಡು ಕುಂದರತಾರ. ಆ ಅಮ್ಮನ ಹೆಸರ ಮತ್ತ ಹಿಂದ ಬೀಳ್ತದ. ಬರದ್ರ ಒಂದೇ ಹೆಸರ ಬರೀರಿ.’

ಅದಾದ ಮೇಲೆ ಅವರು ಬಹಳ ದಿನ ಉಳಿಯಲಿಲ್ಲ. ನಿವೃತ್ತಿಯಾಗಿದ್ದರೂ ಜನ ಕರೆಯುವುದನ್ನು ಬಿಟ್ಟಿರಲಿಲ್ಲ. ಒಂದು ಬೆಳಿಗ್ಗೆ ಯಾವುದೋ ಹಳ್ಳಿಯಲ್ಲಿ ಕರುವಿಗೆ ಔಷಧ ಹಾಕಿ ಬಂದವರು, ನಾರಾಯಣಖೇಡದ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತರು, ಹಾಗೇ ಒರಗಿದರು. ಎದೆ ಬಡಿತ ನಿಂತಿತ್ತು. ಸುದ್ದಿ ಕೇಳಿ ನಾನು ಅಡುಗೆ ಮನೆಯಲ್ಲಿ ಕೂತು ಅತ್ತುಬಿಟ್ಟೆ, ನಮ್ಮ ಅತ್ತೆಯೂ ಅತ್ತರು.

ಸತ್ತ ಮೇಲೆ ಎಲ್ಲರೂ ಒಳ್ಳೆಯವರೇ ತಾನೆ. ಸದಸ್ಯತ್ವ ಕಿತ್ತುಕೊಂಡ ಸಂಘವೇ ಶ್ರದ್ಧಾಂಜಲಿ ಸಭೆ ಕರೆಯಿತು. ಅಧ್ಯಕ್ಷರು ಅರ್ಧ ಗಂಟೆ ಮಾತಾಡಿ, ‘ಹಳೆಯ ಪುಸ್ತಕಗಳ ಸಂಗ್ರಾಹಕರು, ಅಪ್ಪಟ ಕನ್ನಡಾಭಿಮಾನಿ’ ಎಂದು ನನಗೆ ನಿರ್ಣಯ ಬರೆಸತೊಡಗಿದರು. ಹಿಂದಿನ ಸಾಲಿನಿಂದ ಒಂದು ದನಿ ಬಂತು.

‘ಆ ಪುಸ್ತಕ ಬರದವರು ಯಾರಂತ ಹೇಳ್ಯಾರೇನ್ರಿ ಅವರು?’

ಹೊಲಿಗೆ ಮಶೀನಿನ ಆ ಅಮ್ಮ ತಾಂಡೂರಿನಿಂದ ಎರಡು ಬಸ್ಸು ಬದಲಿಸಿ ಒಬ್ಬರೇ ಬಂದಿದ್ದರು. ಅಧ್ಯಕ್ಷರಿಗೆ ಅವರ ಗುರುತಿಲ್ಲ. ‘ಅಮ್ಮಾ, ಕೂಡ್ರಿ, ಸಭಾ ನಡದದ. ಯಾರ್ರಿ ನೀವು?’ ಎಂದರು.

ಆಕೆ ಎರಡು ಹೆಜ್ಜೆ ಮುಂದೆ ಬಂದರು. ನನ್ನನ್ನು ನೋಡುತ್ತ ನಿಂತರು. ಈ ಸಲ ನಾನು ಎದ್ದೆ. ‘ನೀವು ಪುರಾವೆ ಕೇಳಿದ್ರಿ. ಪುರಾವೆ ನಾನೇ ಇದ್ದೀನಿ. ನಾ ಅಲ್ಲಿದ್ದೆ, ನನ್ನ ಕಿವಿಲೆ ಕೇಳೀನಿ. ಅವತ್ತ ಸುಮ್ಮನ ಕುಂತಿದ್ದು ನನ್ನ ಹೇಡಿತನ. ಇವರೇ ಆ ಕಾದಂಬರಿಕಾರ್ತಿ,’ ಎಂದೆ. ಎಲ್ಲರೂ ನೋಡುತ್ತಿರುವಂತೆ ನಡಾವಳಿ ಪುಸ್ತಕದಲ್ಲಿ ಆ ಸಾಲನ್ನು ಬರೆದು ಸಹಿ ಮಾಡಿದೆ. ಆಕೆಯನ್ನು ಮುಂದಿನ ಕುರ್ಚಿಗೆ ಕರೆದುಕೊಂಡು ಬಂದು ಕೂರಿಸಿದೆ.

ಮುಂದಿನ ಸಭೆಯಲ್ಲಿ ಆ ಸಾಲನ್ನು ಹೊಡೆದು ಹಾಕಿದರು. ನನ್ನನ್ನೂ ಕಾರ್ಯದರ್ಶಿ ಸ್ಥಾನದಿಂದ ತೆಗೆದರು. ತೆಗೆಯಲಿ. ನಡಾವಳಿ ಪುಸ್ತಕ ಅವರ ಬೀರುವಿನಲ್ಲಿದೆ, ಇದು ನಿಮ್ಮ ಕೈಯಲ್ಲಿದೆ. ಅಚ್ಚಾದದ್ದನ್ನು ಹೊಡೆದು ಹಾಕಲಿ, ನೋಡೋಣ.

ಇದನ್ನು ಬರೆಯುವ ಮೊದಲು ತಾಂಡೂರಿಗೆ ಹೋಗಿ, ಹೆಸರು ಹೇಗೆ ಹಾಕಲಿ, ತಂದೆಯ ಹೆಸರು ಸೇರಿಸಲೇ, ಮನೆತನದ್ದೇ ಎಂದು ಕೇಳಿದೆ. ಆಕೆ ಸೂಜಿಗೆ ದಾರ ಪೋಣಿಸುತ್ತಿದ್ದರು. ‘ಅಪ್ಪನ ಹೆಸರಿನ್ಯಾಗ ಹುಟ್ಟಿದೆ, ಗಂಡನ ಹೆಸರಿನ್ಯಾಗ ಹೊಡತ ತಿಂದೆ, ಯಾವನದೋ ಹೆಸರಿನ್ಯಾಗ ಬರದೆ. ಈಗರೆ ನನ್ನದಷ್ಟೇ ಹಾಕವ್ವ,’ ಎಂದರು. ಹಾಕುತ್ತಿದ್ದೇನೆ:

ಚಂದ್ರಭಾಗಾಬಾಯಿ. ಕಾದಂಬರಿಕಾರ್ತಿ. ಹುಟ್ಟಿದ್ದು ಮನೂರ್ ಸೀಮೆಯಲ್ಲಿ, ಇರುವುದು ತಾಂಡೂರಿನಲ್ಲಿ. ‘ಬೀಗ ಹಾಕಿದ ಬೀದಿ’ ಮತ್ತು ಇನ್ನೂ ಎಂಟು ಪತ್ತೇದಾರಿ ಕಾದಂಬರಿಗಳನ್ನು ಬರೆದವರು ಇವರೇ.